ಬಕೀಟಿನ ಹಾಲು

ಮೂರು ದಿನಕ್ಕೊಮ್ಮೆ ನಳ ಬರ್ತದ ನಮ್ಮ ಓಣಿಗೆ.
ಕೊಡ, ಬಾನಿ, ಡಬರಿ, ಕೂಸಿನ ತಂಬಿಗಿ
ಎಲ್ಲಾ ತುಂಬಿದ ಮ್ಯಾಲೆ ಉಳಿಯೋ ಅರ್ಧ ಬಕೀಟು
ನೆಲದ ಪಾಲು.

ನೆಲ ಅಂದ್ರ ಶಾಬಾದಿ ಕಲ್ಲು.
ಗಂಡ ದುಡಿಯೋ ಪಾಲಿಶ್ ಮಷೀನಿನ ಕಡೆ
ಮಾರಾಟಾಗದ್ದು, ಮೂಲಿ ಮುರದದ್ದು,
ಒಂದೊಂದೇ ಸೈಕಲ್ ಮ್ಯಾಲೆ ತಂದು ಹಾಸ್ಯಾನ.
ಒಂದು ನೀಲಿ, ಒಂದು ಹಳದಿ, ಒಂದು ಮಜ್ಜಿಗಿ ಬಣ್ಣ.
ಕಲ್ಲಿಗೆ ಕಲ್ಲು ಕೂಡೂದಿಲ್ಲ, ನಡುವ ಸಂದಿ.
ಸಂದಿಯೊಳಗ ಏನದ ಅನ್ನೂದು ನನಗೊಬ್ಬಾಕಿಗೇ ಗೊತ್ತು:
ಹೋದ ಅಮಾಸಿಗೆ ಚೆಲ್ಲಿದ ಸಜ್ಜಕ, ಜ್ವಾಳದ ನುಚ್ಚು,
ಪೆನ್ಸಿಲ್ ಮೊನಿ, ಇರಬಿ,
ಲಕ್ಕಿ ವಾಂತಿ ಮಾಡಿದ್ದು.

ಲಕ್ಕಿಗೆ ನಾಲ್ಕು ವರ್ಷ. ಶುಕ್ರವಾರ ಸುರುವಾತು,
ಮ್ಯಾಲೂ ಕೆಳಗೂ, ಒಂದೇ ರಾತ್ರಿಗೆ ಎಂಟು ಸಲ.
ಉಪ್ಪು ಸಕ್ಕರಿ ನೀರು ಚಮಚಾದಲೆ ಕುಡಿಸಿ ಕುಡಿಸಿ
ಬೆಳಕು ಹರಿಸಿದೆ.
ಆಶಾ ಶಂಕ್ರಮ್ಮ ಬಂದು ಪುಡಿ ಪಾಕೀಟು ಕೊಟ್ಟು,
ಅಂಬೆಗಾಲಲೆ ಅಡ್ಡಾಡೋ ಸಣ್ಣಾವನ್ನ ನೋಡಿ
"ಇವನ ಕೈ ಮೊದಲ ನೆಲಕ್ಕ, ಆಮ್ಯಾಲೆ ಬಾಯಿಗೆ" ಅಂದ್ಳು.
ಆಕಿ ಹೋದ್ಲು. ಆ ಮಾತು ಹೋಗಲಿಲ್ಲ.

ಮಧ್ಯಾಹ್ನ ಯಾರೂ ನೋಡದಾಗ
ನಾನೂ ಮೊಳಕಾಲೂರಿ ಅವನ ಎತ್ತರಕ್ಕ ಇಳದೆ.
ಎಷ್ಟು ಬ್ಯಾರೆ ಮನಿ ಅದು!
ಟ್ರಂಕಿನ ಹೊಟ್ಟಿ ಕೆಳಗ ಧೂಳಿನ ಬೆಕ್ಕಿನ ಮರಿ,
ಗಂಡನ ಚಪ್ಪಲಿ ಬಿಟ್ಟುಹೋದ ಬೂದು ಕೆಸರಿನ ಚಂದ್ರ,
ಅತ್ತಿ ಬಾಯಿಂದ ಜಾರಿದ ಅಡಕಿ ಚೂರು.
ಎಲ್ಲಾ ಕೈಗೆ ಎಟಕೂವಂಥಾವು,
ಯಾರೋ ಅವನ ಸಲುವಾಗೇ ಹರವಿಟ್ಟಂಗ.

ಸೈಕಲ್ ಮ್ಯಾಲೆ ಬರೋ ಜಬ್ಬಾರನ ಕಡೆ
ಅರ್ಧ ಲೀಟರ್ ಫಿನಾಯಿಲ್ ತಗೊಂಡೆ.
ಮದಿವ್ಯಾಗ ಹಂಚೋ ಕಿತ್ತಳಿ ಶರಬತ್ತಿನ ಹಳೇ ಬಾಟ್ಲಿ.
ಹಣ್ಣಿನ ಚಿತ್ರ ಉಗುರಲೆ ಕೆರದೆ,
ಅರ್ಧ ಹಣ್ಣು ಹೋತು, ಅರ್ಧ ಉಳೀತು.
ಮನಿಯಾಗ ಎಲ್ಲಾಕಿಂತ ಮ್ಯಾಲಿನ ಜಾಗಾ ದೇವರ ಫೋಟೋ,
ಅದರ ಹಿಂದಿಟ್ಟೆ. ಅತ್ತಿ ಸಿಟ್ಟಾದ್ಲು:
"ದೇವರಿಗೆ ಈ ನಾತ ಕುಡಿಸ್ತಿಯೇನ?
ಏಳು ಹಡದೀನಿ, ಸೆಗಣಿ ಸಾರಿಸಿದ ನೆಲದಾಗ ಬೆಳಸೀನಿ."
ಉಳಿದಾವ ಎಷ್ಟು ಅಂತ ನಾ ಕೇಳಲಿಲ್ಲ.
ಆಕಿನೂ ಎಣಸಲಿಲ್ಲ,
ಸೆರಗಲೆ ಮೂಗು ಮುಚ್ಚಿಕೊಂಡು ಹೊರಗ ಹೋಗಿ ಕುಂತ್ಲು.

ಇವತ್ತು ನಳ ಬಂತು.
ಎರಡು ಮುಚ್ಚಳ ಹಾಕಿದೆ ಬಕೀಟಿಗೆ.
ಕಂದು ಹನಿ ಕೆಳಗಿಳದು ಒಡದು
ನೀರೆಲ್ಲಾ ಬೆಳ್ಳಗ, ಆಗಷ್ಟೇ ಕರದ ಎಮ್ಮಿ ಹಾಲಿನಂಗ.
ಅರಬಿ ತರಾಕ ತಿರುಗಿದ್ದೆ, ಅಷ್ಟೇ.

ಬಕೀಟಿನ ಕಂಠ ಹಿಡದು ನಿಂತಾನ ಮಾಂತು.
ಹನ್ನೊಂದು ತಿಂಗಳು.
ಅವ್ವಾ ಅಂದಾವಲ್ಲ, ಅಪ್ಪಾ ಅಂದಾವಲ್ಲ.
ಒಂದು ಕೈ ಒಳಗದ್ದಿ, ನನ್ನ ಕಡೆ ನೋಡಿ ನಕ್ಕು
"ಆಲು" ಅಂದ.

ನಾ ಹೆಂಗ ಓಡಿದೆ ಗೊತ್ತಿಲ್ಲ.
ಬಕೀಟು ಬಿತ್ತು. ಮೂರು ದಿನದ ನೀರು
ಸಂದಿ ಸಂದಿ ಹುಡುಕ್ಕೊಂಡು ಹರೀತು,
ಮುರಕ ಕಲ್ಲಿಗೆಲ್ಲಾ ಬಿಳೇ ಅಂಚು ಬರಕೋತ.
ಕೂಸಿನ ಕೈ ತೊಳದೆ. ಸಾಬೂನು ಹಚ್ಚಿ ಮತ್ತ ತೊಳದೆ.
ಬಾಯಾಗ ಬಟ್ಟು ಹಾಕಿ ನೋಡಿದೆ, ಉಸಿರು ಮೂಸಿದೆ,
ಕಡೀಕ ಅವನ ಅಂಗೈಗೆ
ನನ್ನ ನಾಲಿಗಿ ಹಚ್ಚಿದೆ.
ಸಾಬೂನಿನ ಕಹಿ. ಬರೇ ಸಾಬೂನು.
ಹಾಸಗಿಯೊಳಗಿಂದ ಲಕ್ಕಿ, ದನಿ ಇನ್ನೂ ಸೋತಿತ್ತು,
"ಅವ್ವಾ, ಅಂವ ಮಾತಾಡಿದ!"

ಸಂಜಿಕ ಗಂಡ ಬಂದ. ಹೊರಗೇ ಕಾಲು ತೊಳಕೋ ಅಂದೆ.
ನೆಲ ನೋಡಿ "ಭಾಳ ಸ್ವಚ್ಛ ಮಾಡೀದಿ" ಅಂದ.
ಹೂಂ ಅಂದೆ.
ಮೊದಲನೇ ಮಾತು ಹೇಳಬೇಕು ಅವನಿಗೆ;
ಯಾವುದಕ್ಕ ಅಂದದ್ದು ಅನ್ನೂದು ಬಿಟ್ಟು
ಹೆಂಗ ಹೇಳಲಿ?

ವಾಟಿಯಾಗ ಖರೇ ಹಾಲು ಹಿಡದೆ, "ಇದೇನ ಮಾಂತಾ?"
ಕುಡದ. ಮಾತಾಡಲಿಲ್ಲ.
ಗ್ವಾಡಿ ಬಾಜೂಕ ಬೋರಲು ಹಾಕಿದ್ದ ಬಕೀಟು
ನೋಡಕೋತ ಕುಂತ.